ಒಂದು ಸ್ಪೇಸ್, ಮೂರು ಸೆಟ್ ಜೆರಾಕ್ಸ್: ನಮ್ಮ ಶಾಲೆಯ ಮಾನ್ಯತೆ ನವೀಕರಣದ ಕಥೆ

ಈ ಸಲ ನಮ್ಮ ಶಾಲೆಯ ಮಾನ್ಯತೆ ನವೀಕರಣಕ್ಕೆ ಓಡಾಡಿದ್ದು ನಾನು. ಇಷ್ಟು ವರ್ಷ ಮಾವನವರೇ ಓಡಾಡುತ್ತಿದ್ದರು. ಯುಗಾದಿ ಹೊತ್ತಿಗೆ ಅವರ ಮಂಡಿ ಪೂರ್ತಿ ಕೈಕೊಟ್ಟಿತು. ಒಂದು ದಿನ ಕಾಫಿ ಕುಡಿದು ಲೋಟ ಇಟ್ಟವರು, ಪಕ್ಕದಲ್ಲಿದ್ದ ಕಂದು ರೆಕ್ಸಿನ್ ಬ್ಯಾಗನ್ನು ನನ್ನ ಕಡೆ ತಳ್ಳಿ "ಇನ್ನು ಇದು ನಿಂದಮ್ಮ" ಅಂದರು. ಒಳಗೆ ಟ್ರಸ್ಟ್ ಡೀಡ್, ಜಾಗದ ಪತ್ರ, 1998ರಿಂದ ಈಚೆಗೆ ಕೊಟ್ಟ ಅರ್ಜಿಗಳ ಸ್ವೀಕೃತಿ ಚೀಟಿಗಳು, ಒಂದು ಹಿಡಿ ಟ್ಯಾಗ್ ದಾರ, ಒಂದು ಸ್ಟಾಂಪ್ ಪ್ಯಾಡ್. ಪ್ಯಾಡ್ ಇನ್ನೂ ಒದ್ದೆ ಇತ್ತು.

ತುಮಕೂರು ಜಿಲ್ಲೆಯ ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕು, ಅಲ್ವಾ? ನಮ್ಮದು ಹತ್ತು ತಾಲ್ಲೂಕಿನ ಜಿಲ್ಲೆ. ಶಿಕ್ಷಣ ಇಲಾಖೆ ಅದನ್ನು ತುಮಕೂರು, ಮಧುಗಿರಿ ಅಂತ ಎರಡು ಶೈಕ್ಷಣಿಕ ಜಿಲ್ಲೆ ಮಾಡಿಕೊಂಡಿದೆ. ನಾನು ಯಾವ ಕಡೆಯವಳು ಅನ್ನುವುದನ್ನೂ ಬಿಟ್ಟುಬಿಡಿ. ಊರ ಸುತ್ತ ಹುಣಸೆ ಮರ ಇದೆ, ಕೋತಿ ಜಾಸ್ತಿ ಇವೆ, ಅಷ್ಟು ಸಾಕು. ಕೋತಿಗಳ ಮಾತು ಮುಂದೆ ಬರುತ್ತದೆ.

ಶಾಲೆ ದೊಡ್ಡದೇನಲ್ಲ. ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗೆ 212 ಮಕ್ಕಳು, 11 ಜನ ಟೀಚರ್, ಒಬ್ಬರು ಆಯಾ. ಶುರುವಾಗಿದ್ದು ಒಂದು ಶೇಂಗಾ ಗೋದಾಮಿನಲ್ಲಿ. ವರ್ಷದ ಫೀಸು 14,500. ಅದೂ ಒಟ್ಟಿಗೆ ಬರುವುದಿಲ್ಲ. ಹುಣಸೆಹಣ್ಣು ಮಾರಿದವರು ಮಾರ್ಚ್‌ನಲ್ಲಿ ಕೊಡುತ್ತಾರೆ, ಅಡಿಕೆ ಇರುವವರು ಕೊಯ್ಲಾದ ಮೇಲೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ತಿಂಗಳು ತಿಂಗಳು ಸಾವಿರ. ಖಾಸಗಿ ಶಾಲೆ ಅಂದರೆ ಹಣದ ಗಿಡ ಅಂದುಕೊಂಡವರು ಒಂದು ಸಲ ನಮ್ಮ ಫೀಸು ಪುಸ್ತಕ ನೋಡಬೇಕು. ಅರ್ಧ ಪೆನ್ಸಿಲ್‌ನಲ್ಲೇ ಇದೆ.

ಸರಿ, ಕಥೆಗೆ ಬರುತ್ತೇನೆ.

ಅರ್ಜಿ ಆನ್‌ಲೈನ್ ಅಂದಾಗ ನನಗೆ ಖುಷಿಯಾಗಿತ್ತು. ಜೂನ್ ಮೊದಲ ವಾರ ಕೂತೆ. ಶಾಲೆಯ ಯುಡೈಸ್ ಕೋಡ್, ಅಂದರೆ ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತಿನ ನಂಬರ್ ಹಾಕಿದೆ, ಓಟಿಪಿ ಬರಲಿಲ್ಲ. ಅದು ಮಾವನವರ ಹಳೇ ಬಟನ್ ಫೋನಿಗೆ ಹೋಗಿತ್ತು. ಫೋನ್ ಅವರ ಜೇಬಿನಲ್ಲಿ, ಅವರು ತೋಟದಲ್ಲಿ. ಅಲ್ಲಿಂದ ಕೂಗಿ ನಂಬರ್ ಹೇಳುವಷ್ಟರಲ್ಲಿ ಸಮಯ ಮುಗಿದುಹೋಗಿತ್ತು. ಆಮೇಲೆ ಅಪ್‌ಲೋಡ್. ಪ್ರತಿ ಫೈಲೂ ಇಷ್ಟು ಕೆಬಿ ಒಳಗೇ ಇರಬೇಕು. ಟ್ರಸ್ಟ್ ಡೀಡ್ 22 ಪುಟ. ಅದನ್ನು ಅಷ್ಟು ಚಿಕ್ಕದು ಮಾಡಿದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಸೈಬರ್ ಸೆಂಟರಿನ ಹುಡುಗ "ಅಕ್ಕಾ, ಯಾರೂ ಓದಲ್ಲ ಬಿಡಿ, ಹಾಕಿ" ಅಂದ. ಹಾಕಿದೆವು. ಅವನು ಹೇಳಿದ್ದೇ ನಿಜವಾಯಿತು.

ಎಲ್ಲ ಮುಗಿಸಿ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ "ಸಬ್‌ಮಿಟ್ ಆಗಿದೆ ಸರ್" ಅಂದೆ. ಕೇಸ್ ವರ್ಕರ್ ತಲೆ ಎತ್ತದೆ "ಮೂರು ಸೆಟ್ ಹಾರ್ಡ್ ಕಾಪಿ ಕೊಡಿ ಮೇಡಂ" ಅಂದರು.

"ಆನ್‌ಲೈನ್‌ನಲ್ಲಿ ಹಾಕಿದೀನಲ್ಲ ಸರ್?"

"ಆನ್‌ಲೈನ್ ಬೇರೆ, ಫೈಲ್ ಬೇರೆ."

ಮನೆಗೆ ಬಂದು ಹೇಳಿದಾಗ ಮಾವ ನಕ್ಕರು. ಮೊದಲು ಎರಡು ಸೆಟ್ ಸಾಕಾಗುತ್ತಿತ್ತಂತೆ.

ಇದಕ್ಕೆಲ್ಲ ಮೂಲ ಕರ್ನಾಟಕ ಶಿಕ್ಷಣ ಕಾಯ್ದೆ. 1983ರ ಕಾಯ್ದೆ, ಜಾರಿಗೆ ಬಂದದ್ದು 1995ರಲ್ಲಿ. ನೋಂದಣಿ ಬೇರೆ, ಮಾನ್ಯತೆ ಬೇರೆ. ಮಾನ್ಯತೆಗೆ 36ನೇ ಕಲಂ. ಮಾವನಿಗೆ ಕಲಂಗಳು ಬಾಯಿಪಾಠ, ಸಹಸ್ರನಾಮದಷ್ಟೇ ಸಲೀಸಾಗಿ ಹೇಳುತ್ತಾರೆ. ಮಾನ್ಯತೆ ಹೋದರೆ ಮಕ್ಕಳ ಟಿಸಿಗೆ ಬೆಲೆ ಇಲ್ಲ, ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಹೆಸರು ಹತ್ತುವುದಿಲ್ಲ. ಅದಕ್ಕೇ ಯಾವ ಶಾಲೆಯವರೂ ಕೌಂಟರ್ ಮುಂದೆ ಜೋರು ಮಾಡುವುದಿಲ್ಲ. ನಾನೂ ಮಾಡಲಿಲ್ಲ.

ಈಗ ಸ್ಪೇಸ್ ವಿಷಯ. ಟ್ರಸ್ಟ್ ಡೀಡ್‌ನಲ್ಲಿ ನಮ್ಮ ಹೆಸರಿನ ಕೊನೆಗೆ "ವಿದ್ಯಾಸಂಸ್ಥೆ" ಅಂತಿದೆ. ಒಂದೇ ಪದ. ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಇ-ಸ್ವತ್ತು ನಮೂನೆ 9ರಲ್ಲಿ "ವಿದ್ಯಾ ಸಂಸ್ಥೆ" ಅಂತ ಟೈಪ್ ಆಗಿದೆ. ನಡುವೆ ಒಂದು ಸ್ಪೇಸ್. ಕೇಸ್ ವರ್ಕರ್ ಅದರ ಮೇಲೆ ಪೆನ್ಸಿಲ್ ಇಟ್ಟು, "ಎರಡೂ ಒಂದೇ ಸಂಸ್ಥೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಮೇಡಂ?" ಅಂದರು. ಸರ್ವೆ ನಂಬರ್ ಒಂದೇ, ಚೆಕ್ಕುಬಂದಿ ಒಂದೇ, ಅಧ್ಯಕ್ಷರ ಹೆಸರೂ ಒಂದೇ ಅಂದೆ. "ಅದೆಲ್ಲ ಸರಿ, ಹೆಸರು ಮ್ಯಾಚ್ ಆಗಬೇಕು." ಪಂಚಾಯಿತಿಗೆ ಹೋದೆ. ತಿದ್ದುಪಡಿಗೆ ಅರ್ಜಿ ಕೊಡಿ, ಜೊತೆಗೆ ಅಫಿಡವಿಟ್ ಬೇಕು ಅಂದರು. ನೋಟರಿ ಹತ್ತಿರ ಕೂತು, "ವಿದ್ಯಾಸಂಸ್ಥೆ ಮತ್ತು ವಿದ್ಯಾ ಸಂಸ್ಥೆ ಎರಡೂ ಒಂದೇ ಆಗಿದ್ದು" ಅಂತ ದೇವರ ಮೇಲೆ ಪ್ರಮಾಣ ಮಾಡಿ ಸಹಿ ಹಾಕಿದೆ. 300 ರೂಪಾಯಿ ಹೋಯಿತು. ನೋಟರಿಯವರು ಪ್ರಿಂಟ್ ತೆಗೆದರೆ ಎರಡೂ ಕಡೆ ಸ್ಪೇಸ್ ಬಂದಿತ್ತು. ಅಂದರೆ ವಿದ್ಯಾ ಸಂಸ್ಥೆ ಮತ್ತು ವಿದ್ಯಾ ಸಂಸ್ಥೆ ಎರಡೂ ಒಂದೇ ಅಂತ ನಾನು ಪ್ರಮಾಣ ಮಾಡಿದ್ದೆ! ಮತ್ತೆ ಟೈಪ್ ಮಾಡಿಸಿದೆ. ಈ ಒಂದು ಸ್ಪೇಸ್ ನನ್ನ ಐದು ವಾರ ತಿಂದಿತು. ಆ ಐದು ವಾರ ಆರನೇ ಕ್ಲಾಸಿನ ಸಮಾಜ ಪಾಠವನ್ನು ಯಾರೂ ಸರಿಯಾಗಿ ಮಾಡಲಿಲ್ಲ. ಅದು ನನ್ನ ಪಾಠವಾಗಿತ್ತು.

ಕಟ್ಟಡದ ಸುರಕ್ಷತಾ ಪ್ರಮಾಣಪತ್ರದ್ದು ಬೇರೆ ಕಥೆ, ಚಿಕ್ಕದು. ಎಂಜಿನಿಯರ್ ಬಂದರು, ಕಂಬವನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು, ಎಳನೀರು ಕುಡಿದರು, ಹೋದರು. ಪತ್ರ ತರಲು ಹೋದಾಗ ಕಚೇರಿಯಲ್ಲಿ ಪ್ರಿಂಟರ್‌ಗೆ ಹಾಳೆ ಇಲ್ಲ ಅಂದರು. ಎರಡು ಬಂಡಲ್ ಎ4 ತಂದುಕೊಟ್ಟೆ. ಬಂಡಲ್ ಒಡೆದು ಒಂದೇ ಹಾಳೆಯಲ್ಲಿ ನನ್ನ ಪತ್ರ ತೆಗೆದುಕೊಟ್ಟರು. ಉಳಿದ 999 ಹಾಳೆ ಲಂಚವೋ ದಾನವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಗ್ನಿಶಾಮಕದವರು ಬರುತ್ತಾರೆ ಅಂದಾಗ ಇದೂ ಹಾಗೇ ಅಂದುಕೊಂಡಿದ್ದೆ. ಕೆಂಪು ಸಿಲಿಂಡರ್ ನಾಲ್ಕು ತಂದು ಗೋಡೆಗೆ ನೇತುಹಾಕಿದ್ದೆವು. ಮರಳಿನ ಬಕೆಟ್‌ಗೆ ಹಿಂದಿನ ದಿನವೇ ಕೆಂಪು ಬಣ್ಣ ಬಳಿದಿದ್ದೆವು, ಇನ್ನೂ ಕೈಗೆ ಅಂಟುತ್ತಿತ್ತು. ಬಂದವರು ಸುಮಾರು 50 ವಯಸ್ಸಿನ ಅಧಿಕಾರಿ. ಸಿಲಿಂಡರ್ ಕಡೆ ಒಂದೇ ಸಲ ಕಣ್ಣು ಹಾಯಿಸಿದರು. ಸೀದಾ ಮಹಡಿ ಮೆಟ್ಟಿಲ ಹತ್ತಿರ ಹೋಗಿ ನಿಂತರು. ಅಲ್ಲಿ ಕಬ್ಬಿಣದ ಗ್ರಿಲ್ ಗೇಟ್ ಇದೆ. ಗೇಟಿಗೆ ಬೀಗ ಇತ್ತು. ಮೇಲೆ ನಾಲ್ಕು, ಐದನೇ ಕ್ಲಾಸಿನ 54 ಮಕ್ಕಳು ಕೂತಿದ್ದರು.

"ಬೀಗ ಯಾಕಮ್ಮ?"

"ಕೋತಿ ಸರ್. ಟಿಫನ್ ಬಾಕ್ಸ್ ಎತ್ತಿಕೊಂಡು ಹೋಗ್ತವೆ."

"ಕೀ ಎಲ್ಲಿ?"

ಕೀ ಆಯಾ ಸೆರಗಿನ ಗಂಟಿನಲ್ಲಿತ್ತು. ಆಯಾ ಅಂಗಡಿಗೆ ಹೋಗಿದ್ದರು.

ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತು, "ಕುಂಭಕೋಣಂ ನೆನಪಿದೆಯಾ?" ಅಂತ ಕೇಳಿದರು. 2004ರ ಜುಲೈ 16. ತಮಿಳುನಾಡಿನ ಕುಂಭಕೋಣಂನಲ್ಲಿ ಒಂದು ಖಾಸಗಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಹುಲ್ಲಿನ ಚಾವಣಿ ಇದ್ದ ಶಾಲೆ. ನಾನಾಗ ಬಿಎ ಓದುತ್ತಿದ್ದೆ, ಟಿವಿಯಲ್ಲಿ ನೋಡಿ ಅಮ್ಮ ಚಾನೆಲ್ ಬದಲಿಸಿದ್ದು ನೆನಪಿದೆ. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಶಾಲೆಗಳಿಗೂ ಬೆಂಕಿ ನಂದಿಸುವ ಸಾಧನ ಬೇಕು, ಕಟ್ಟಡದ ಸುರಕ್ಷತೆ ಪರೀಕ್ಷೆ ಆಗಬೇಕು ಅಂತ ಹೇಳಿತು. ನಮ್ಮ ಫೈಲಿಗೆ ಈ ಎರಡು ಪತ್ರ ಬಂದು ಸೇರಿದ್ದು ಹೀಗೆ. ಅದುವರೆಗೆ ನನಗೆ ಇವು "ಇನ್ನೆರಡು ಕಾಟ" ಅಷ್ಟೇ ಆಗಿದ್ದವು.

ಆ ಅಧಿಕಾರಿ ಅವತ್ತು ಒಂದು ಗಂಟೆ ಇದ್ದರು. ಒಳಗಿನಿಂದ ಯಾವ ಮಗುವೂ ತೆಗೆಯಬಹುದಾದ ಚಿಲಕ ಹಾಕಿಸಿ, ಬೀಗ ಬೇಡ ಅಂದರು. ಐದನೇ ಕ್ಲಾಸಿನ ಒಬ್ಬ ಹುಡುಗಿಯ ಕೈಗೆ ಸಿಲಿಂಡರ್ ಕೊಟ್ಟು ಪಿನ್ ಎಳೆಯುವುದನ್ನು ತೋರಿಸಿದರು. ಬಿಳಿ ಪುಡಿ ಹಾರಿದಾಗ ಇಡೀ ಶಾಲೆ ಕಿರುಚಿತು. ಸಂಜೆಯೊಳಗೆ ನಾನು ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಚಿಲಕ ಹಾಕಿಸಿದೆ. ಮಾನ್ಯತೆಯ ಈ ಇಡೀ ಓಡಾಟದಲ್ಲಿ ನಮ್ಮ ಶಾಲೆಯ ಒಳಗೆ ನಿಜವಾಗಿ ಬದಲಾಗಿದ್ದು ಇದೊಂದೇ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಮ್ಮ ಶಾಲೆಗಳ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಗಾದರೆ ಸ್ವಾಯತ್ತತೆಯದ್ದೇ ಮಾತು. ಖಾಸಗಿ ಶಾಲೆಗಳನ್ನು ಅವರ ಪಾಡಿಗೆ ಬಿಡಿ, ಇಲಾಖೆ ಕೈ ಹಾಕಬಾರದು, ಹೀಗೆ. ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪನ್ನು ವಾರಕ್ಕೊಮ್ಮೆ ಯಾರಾದರೂ ಫಾರ್ವರ್ಡ್ ಮಾಡುತ್ತಾರೆ. ನಮ್ಮ ಕರ್ನಾಟಕದ್ದೇ ಕೇಸು, 11 ನ್ಯಾಯಮೂರ್ತಿಗಳ ಪೀಠ. ಅನುದಾನ ಪಡೆಯದ ಶಾಲೆಗಳಿಗೆ ಆಡಳಿತದಲ್ಲಿ, ಪ್ರವೇಶದಲ್ಲಿ, ಫೀಸಿನಲ್ಲಿ ಹೆಚ್ಚು ಸ್ವಾತಂತ್ರ್ಯ ಇರಬೇಕು, ಆದರೆ ಡೊನೇಷನ್ ವಸೂಲಿ, ಲಾಭಕೋರತನ ನಡೆಯಬಾರದು ಅಂತ ಹೇಳಿದ ತೀರ್ಪು. ಗುಂಪಿನಲ್ಲಿ ಮೊದಲರ್ಧ ಮಾತ್ರ ಓಡಾಡುತ್ತದೆ. 2023ರ ಜನವರಿಯಲ್ಲಿ ನಮ್ಮ ಹೈಕೋರ್ಟು ಅನುದಾನರಹಿತ ಶಾಲೆಗಳ ಫೀಸನ್ನು ಸರ್ಕಾರ ನಿಗದಿ ಮಾಡುವಂತಿಲ್ಲ ಅಂದಾಗಲಂತೂ ಪಟಾಕಿ ಇಮೋಜಿಗಳು. ನನಗೆ ನಗು ಬಂತು. ನಮ್ಮ ಫೀಸು ನಿಗದಿ ಮಾಡುವುದು ಸರ್ಕಾರವೂ ಅಲ್ಲ, ಕೋರ್ಟೂ ಅಲ್ಲ, ಎಪಿಎಂಸಿಯಲ್ಲಿ ಹುಣಸೆಹಣ್ಣಿನ ರೇಟು.

ಹಾಗಂತ ಸ್ವಾಯತ್ತತೆ ಬೇಡ ಅನ್ನುವವಳಲ್ಲ ನಾನು. ಬೇಕು. ಆದರೆ ಗುಂಪಿನವರು ಕೇಳುವುದಲ್ಲ.

ಮಾವ ಒಂದು ಕಥೆ ಹೇಳುತ್ತಾರೆ. 1994ರ ಭಾಷಾ ನೀತಿಯ ಪ್ರಕಾರ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಆಗಬೇಕಿತ್ತು. ಹೊಸ ಶಾಲೆಗೆ ಮಾನ್ಯತೆ ಬೇಕಿದ್ದರೆ ಕನ್ನಡ ಮಾಧ್ಯಮ ಅಂತಲೇ ಬರೆದುಕೊಡಬೇಕು. ಊರಿನವರಿಗೆ ಬೇಕಾಗಿದ್ದು ಇಂಗ್ಲಿಷ್. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಬೋರ್ಡಿನ ಮೇಲೆ ಕನ್ನಡ, ಒಳಗೆ ಇಂಗ್ಲಿಷ್. ನಮ್ಮದರಲ್ಲೂ ಅಷ್ಟೇ. ಮಕ್ಕಳ ಹತ್ತಿರ ಎರಡೆರಡು ಸೆಟ್ ಪುಸ್ತಕ. ಇನ್‌ಸ್ಪೆಕ್ಷನ್ ಜೀಪು ಬಂದರೆ ಪ್ಯೂನ್ ಒಂದು ಬೆಲ್ ಜಾಸ್ತಿ ಹೊಡೆಯುತ್ತಿದ್ದ. ಆರು ವರ್ಷದ ಮಕ್ಕಳು ಇಂಗ್ಲಿಷ್ ಪುಸ್ತಕವನ್ನು ಚಾಪೆ ಕೆಳಗೆ ತಳ್ಳಿ "ಅಗಸ, ಆಟ" ಅಂತ ಶುರುಮಾಡುತ್ತಿದ್ದವು. ನನ್ನ ಗಂಡನೂ ಹಾಗೆ ತಳ್ಳಿದವರೇ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದ ಮೇಲೆ ಆ ನಾಟಕ ನಿಂತಿತು. ಕನ್ನಡದ ಬಗ್ಗೆ ನನಗೆ ಅಭಿಮಾನ ಇಲ್ಲ ಅಂದುಕೊಳ್ಳಬೇಡಿ, ನಮ್ಮಲ್ಲಿ ಕನ್ನಡ ಪಾಠ ನಾನೇ ಮಾಡುತ್ತೇನೆ. ನನಗೆ ಚುಚ್ಚುವುದು ಆ ಜಾಸ್ತಿ ಹೊಡೆದ ಬೆಲ್. ಕಾಗದ ಮಾತ್ರ ನೋಡುವ ತಪಾಸಣೆ ಇದ್ದರೆ ಶಾಲೆ ಕಾಗದಕ್ಕೆ ಸುಳ್ಳು ಬರೆಯುವುದನ್ನು ಕಲಿಯುತ್ತದೆ, ಆಮೇಲೆ ಮಕ್ಕಳೂ ಕಲಿಯುತ್ತವೆ.

ಈಗಲೂ ಬರೆಯುತ್ತೇವೆ. ತಪಾಸಣೆ ತಂಡ ಬಂದ ದಿನದ್ದೇ ಹೇಳುತ್ತೇನೆ. ಸೆಪ್ಟೆಂಬರ್, ಗಣೇಶನ ಹಬ್ಬ ಕಳೆದ ವಾರ. ನಾಲ್ಕು ಜನ ಬಂದರು. ಆಟದ ಮೈದಾನಕ್ಕೆ ಟೇಪ್ ಹಿಡಿದರು. ಲೈಬ್ರರಿ ಪುಸ್ತಕ ಎಣಿಸಿದರು, ಯಾವ ಪುಸ್ತಕ ಅಂತ ನೋಡಲಿಲ್ಲ. ಶೌಚಾಲಯದ ಬಾಗಿಲು ಎಣಿಸಿದರು, ಒಳಗೆ ನೀರು ಬರುತ್ತದಾ ಅಂತ ನಲ್ಲಿ ತಿರುಗಿಸಲಿಲ್ಲ. ರಿಜಿಸ್ಟರ್‌ಗಳು ಒಂದಾದ ಮೇಲೊಂದು. ಪೋಷಕರ ಸಭೆಯ ನಡಾವಳಿ ಪುಸ್ತಕದಲ್ಲಿ ಆರು ಸಭೆಗಳಿದ್ದವು. ನಡೆದಿದ್ದು ಎರಡು. ಉಳಿದ ನಾಲ್ಕನ್ನು ನಾನು ಹಿಂದಿನ ರಾತ್ರಿ ಮೂರು ಬಣ್ಣದ ಪೆನ್ನಿನಲ್ಲಿ ಬರೆದಿದ್ದೆ. ಅದನ್ನೇ ನೋಡಿ "ಚೆನ್ನಾಗಿ ಮೇಂಟೇನ್ ಮಾಡಿದೀರ" ಅಂದರು. ತಟ್ಟೆ ಇಡ್ಲಿ ತರಿಸಿದ್ದೆವು, ತಿಂದರು. ಒಬ್ಬರೂ ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟು ಓದು ಅನ್ನಲಿಲ್ಲ. ನಮ್ಮ ಮೂರನೇ ಕ್ಲಾಸಿನಲ್ಲಿ ಐದು ಮಕ್ಕಳು ಇನ್ನೂ ಸರಿಯಾಗಿ ಓದುವುದಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಕೇಳಲಿ ಅಂತಲೂ ಒಳಗೆಲ್ಲೋ ಇತ್ತು.

ಅದೇ ಹೊತ್ತಿಗೆ ನಾನು ಕೈ ಕಟ್ಟಿಸಿಕೊಂಡು ಕೂತಿರುವ ವಿಷಯಗಳಿವೆ. ಊರಿನಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದಾರೆ, ವಾರಕ್ಕೆ ನಾಲ್ಕು ದಿನ ಗಣಿತ ಹೇಳಿಕೊಡುತ್ತೇನೆ, ಸಂಬಳ ಬೇಡ ಅಂತಾರೆ. ಡಿಎಡ್, ಬಿಎಡ್ ಇಲ್ಲ, ಹಾಗಾಗಿ ಟೀಚರ್ ಪಟ್ಟಿಯಲ್ಲಿ ಅವರನ್ನು ತೋರಿಸುವ ಹಾಗಿಲ್ಲ. ಊರ ಜಾತ್ರೆಯ ದಿನ ರಜೆ ಕೊಡಲು ಹಿಂದೆ ಮುಂದೆ ನೋಡಬೇಕು, ಕೊಡದಿದ್ದರೂ ಮಕ್ಕಳು ಬರುವುದಿಲ್ಲ. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಅಂತ ಮಾಡಿದ ಗೊಂದಲ ನೆನಪಿದೆಯಲ್ಲ? 10ನೇ ತಾರೀಖು ಹೈಕೋರ್ಟಿನ ಏಕಸದಸ್ಯ ಪೀಠ ಇಲ್ಲ ಅಂತು, ಆಮೇಲೆ ವಿಭಾಗೀಯ ಪೀಠ ನಡೆಸಬಹುದು ಅಂತು, 27ರಿಂದ ಪರೀಕ್ಷೆ ನಡೆಯಿತು. ನಡುವೆ ಪೋಷಕರು ದಿನಾ ಗೇಟಿಗೆ ಬಂದು "ಮಿಸ್, ಐತಾ ಇಲ್ವಾ?" ಅಂತ ಕೇಳುತ್ತಿದ್ದರು. ನನ್ನ ಶಾಲೆಯ ಹತ್ತು ವರ್ಷದ ಮಕ್ಕಳಿಗೆ ಪರೀಕ್ಷೆ ಐತಾ ಇಲ್ವಾ ಅಂತ ನಾನು ಟಿವಿ ನೋಡಿ ಹೇಳಬೇಕಿತ್ತು.

ಬಡ ಮಕ್ಕಳ 25% ಸೀಟಿನದ್ದೂ ಹಾಗೇ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಡಿ ಬಂದ ಮಕ್ಕಳು ನಮ್ಮಲ್ಲಿ ಒಂದು ಕಾಲಕ್ಕೆ 40ಕ್ಕೂ ಜಾಸ್ತಿ ಇದ್ದರು. ಒಂದನೇ ಕ್ಲಾಸಿನ ಮಗುವಿಗೆ 16,000 ರೂಪಾಯಿವರೆಗೆ ಸರ್ಕಾರ ಕೊಡುತ್ತಿತ್ತು, ಬರುವಾಗ ಬರುತ್ತಿತ್ತು. 2019ರಲ್ಲಿ ರಾಜ್ಯ ನಿಯಮ ಬದಲಿಸಿತು. ಹತ್ತಿರದಲ್ಲೇ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಸೀಟಿಲ್ಲ. ಗುಂಪಿನಲ್ಲಿ ಇದಕ್ಕೂ ಪಟಾಕಿ. ನಮಗೆ ಸಿಕ್ಕ ಆ "ಸ್ವಾತಂತ್ರ್ಯ"ದಿಂದ ನಮ್ಮ ಆಯಾ ಮೊಮ್ಮಗಳಿಗೇ ಸೀಟು ಸಿಗಲಿಲ್ಲ. ಅವಳನ್ನು ಹಾಗೇ ಸೇರಿಸಿಕೊಂಡೆವು, ಅದು ಬೇರೆ ಮಾತು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಈ ಫೈಲ್ ಹರವಿಕೊಂಡು ಗೊಣಗುತ್ತಿದ್ದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದ್ದಾರಂತೆ, ನಿಯಂತ್ರಣ "ಲೈಟ್ ಬಟ್ ಟೈಟ್" (ಹಗುರ, ಆದರೆ ಬಿಗಿ) ಆಗಿರಬೇಕು, ಸರ್ಕಾರಿ ಶಾಲೆ ನಡೆಸುವವರೇ ಬಂದು ಖಾಸಗಿ ಶಾಲೆಗೆ ಮಾರ್ಕ್ಸ್ ಹಾಕಬಾರದು, ಅದಕ್ಕೆ ಬೇರೆಯೇ ಪ್ರಾಧಿಕಾರ ಬೇಕು, ಶಾಲೆಗಳು ತಮ್ಮ ವಿವರವನ್ನು ತಾವೇ ಎಲ್ಲರ ಮುಂದಿಡಬೇಕು ಅಂತ. ಓದಿ ಹೇಳುತ್ತಿದ್ದೆ. ಎರಡನೇ ಕ್ಲಾಸಿನ ಟೀಚರ್ ನೋಟ್ಸ್ ತಿದ್ದುತ್ತಾ ಇದ್ದವರು, "ಮಿಸ್, ಒಂದು ಕೇಳ್ಲಾ? ಮ್ಯಾನೇಜ್‌ಮೆಂಟಿಗೆ ಸ್ವಾತಂತ್ರ್ಯ ಸಿಕ್ಕರೆ ನಮ್ಮ ಸಂಬಳ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?" ಅಂದರು.

ಅವರ ಸಂಬಳ 9,500. ಎಂಟು ವರ್ಷದಿಂದ ಇದ್ದಾರೆ. ನನಗೆ ಉತ್ತರ ಬರಲಿಲ್ಲ. ಗುಂಪಿನಲ್ಲೂ ಅಷ್ಟೇ, ಒಂದು ಸಲ ನಾನೇ "ಟೀಚರ್ ಸಂಬಳವನ್ನು ನಾವೇ ಬೋರ್ಡಿನ ಮೇಲೆ ಹಾಕೋಣವಾ?" ಅಂತ ಬರೆದೆ. ಎರಡು ದಿನ ಯಾರೂ ಗುಡ್ ಮಾರ್ನಿಂಗ್ ಕೂಡ ಕಳಿಸಲಿಲ್ಲ.

ಸಂಬಳ ಹಾಕುವ ಧೈರ್ಯ ನನಗೂ ಬರಲಿಲ್ಲ. ಫೀಸು ಹಾಕಿದೆ. ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಕ್ಲಾಸಿಗೆ ಎಷ್ಟು, ಪುಸ್ತಕಕ್ಕೆ ಎಷ್ಟು, ಯೂನಿಫಾರಂ ಎಲ್ಲಿ ಬೇಕಾದರೂ ತಗೊಳ್ಳಿ ಅಂತ. ಮಾವನಿಗೆ ಸಿಟ್ಟು ಬಂತು. "ಒಬ್ಬೊಬ್ಬರ ಹತ್ತಿರ ಒಂದೊಂದು ಮಾತಾಡಿರ್ತೀವಿ, ಹಿಂಗೆ ಬರೆದರೆ ಹೆಂಗಮ್ಮ?" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. ಮಾರನೇ ದಿನವೇ ಮೂರು ಜನ ಪೋಷಕರು ಬಂದು, ನಮ್ಮ ಹತ್ತಿರ ಜಾಸ್ತಿ ಯಾಕೆ ತಗೊಂಡ್ರಿ ಅಂತ ಕೇಳಿದರು. ಇಬ್ಬರಿಗೆ ವಾಪಸ್ ಕೊಟ್ಟೆ, ಒಬ್ಬರಿಗೆ ಲೆಕ್ಕ ತೋರಿಸಿದೆ. ಹಲಗೆ ಇನ್ನೂ ಅಲ್ಲೇ ಇದೆ. ಮಾವ ಅದರ ಕಡೆ ನೋಡದೆ ಒಳಗೆ ಬರುತ್ತಾರೆ.

ಬೀಗ ತೆಗೆದ ಮೇಲೆ ಕೋತಿಗಳು ಎರಡು ಸಲ ಮಹಡಿಗೆ ಬಂದವು. ಚಿಲಕ ತೆಗೆಯುವುದನ್ನು ಒಂದು ದೊಡ್ಡ ಗಡವ ಮೂರೇ ದಿನದಲ್ಲಿ ಕಲಿತಿತು. ಐದನೇ ಕ್ಲಾಸಿನವರು ಯಾರನ್ನೂ ಕೇಳದೆ ತಾವೇ ಒಂದು ಪಟ್ಟಿ ಮಾಡಿಕೊಂಡಿದ್ದಾರೆ, ಊಟದ ಹೊತ್ತಿಗೆ ದಿನಕ್ಕಿಬ್ಬರು ಕೋಲು ಹಿಡಿದು ಮೆಟ್ಟಿಲ ಹತ್ತಿರ. ಪಟ್ಟಿಯನ್ನು ಗೋಡೆಗೆ ಅನ್ನದ ಅಗುಳಿನಲ್ಲಿ ಅಂಟಿಸಿದ್ದಾರೆ. ಅದಕ್ಕೆ ಇನ್ನೂ ರಿಜಿಸ್ಟರ್ ಇಲ್ಲ.

ಮಾನ್ಯತೆಯ ಆದೇಶ ಫೆಬ್ರವರಿಯಲ್ಲಿ ಬಂತು. ಕೇಸ್ ವರ್ಕರ್ ಫೋನ್ ಮಾಡಿ "ಮೇಡಂ, ಸ್ವೀಟ್ ಇಲ್ವಾ?" ಅಂದರು. ಅರ್ಧ ಕೆಜಿ ಮೈಸೂರ್ ಪಾಕ್ ತಗೊಂಡು ಹೋದೆ. ಆದೇಶವನ್ನು ಮನೆಗೆ ತಂದು ಮಾವನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲು ಹೆಸರು ನೋಡಿದರು. ಸ್ಪೇಸ್ ಇರಲಿಲ್ಲ, ಸರಿಯಾಗಿತ್ತು. ಆಮೇಲೆ ಕೆಳಗಿನ ಸಾಲಿಗೆ ಬೆರಳಿಟ್ಟರು. ಷರತ್ತುಗಳಿಗೆ ಒಳಪಟ್ಟು ಒಂದು ವರ್ಷಕ್ಕೆ ಮಾತ್ರ. ಆ ಒಂದು ವರ್ಷ ಅಂದರೆ ಅರ್ಜಿ ಹಾಕಿದ ಜೂನ್‌ನಿಂದ ಬರುವ ಮೇವರೆಗೆ.

ಬೆರಳು ಮಡಿಸಿ ಎಣಿಸಿದರು. ಮಾರ್ಚ್, ಏಪ್ರಿಲ್, ಮೇ.

"ಬ್ಯಾಗ್ ಎಲ್ಲಿಟ್ಟಿದೀಯಮ್ಮ?" ಅಂದರು.

ಬೀರುವಿನೊಳಗೆ ಇಟ್ಟಿದ್ದೆ. ಹೊರಗೆ ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ.